ಥಂಡರ್‌ಬರ್ಡ್ ನಿಂತಿಲ್ಲ

ಕೇಳುಗರೇ, ನಮಸ್ಕಾರ. ಕಂಪ್ಯೂಟರಿನಲ್ಲಿ ಇಮೇಲ್ ಓದಲು ಥಂಡರ್‌ಬರ್ಡ್ ತಂತ್ರಾಂಶ ಬಳಸುವವರು ನನ್ನನ್ನು ಪದೇ ಪದೇ ಕೇಳುವುದು ಒಂದೇ ಪ್ರಶ್ನೆ: ‘ಅದನ್ನು ಕೈಬಿಟ್ಟಿದ್ದಾರಂತೆ, ಹೌದೇ?’ ಇಲ್ಲ. ಥಂಡರ್‌ಬರ್ಡ್ ನಿಂತಿಲ್ಲ.

2012ರಲ್ಲಿ, ಇದನ್ನು ರೂಪಿಸಿದ ಮೊಜಿಲ್ಲಾ ಸಂಸ್ಥೆ ತನ್ನ ಸಿಬ್ಬಂದಿಯನ್ನು ಅದರಿಂದ ಬಹುಮಟ್ಟಿಗೆ ಹಿಂತೆಗೆದುಕೊಂಡದ್ದು ನಿಜ. ಆ ಸುದ್ದಿ ಎಲ್ಲೆಡೆ ಹರಡಿತು. ಆಮೇಲೆ ನಡೆದದ್ದು ಯಾರ ಕಿವಿಗೂ ಬೀಳಲಿಲ್ಲ. 2020ರಲ್ಲಿ ಮೊಜಿಲ್ಲಾ ಫೌಂಡೇಶನ್ ಇದಕ್ಕೆಂದೇ ಪ್ರತ್ಯೇಕ ಕಂಪನಿ ಕಟ್ಟಿತು. ಬಳಕೆದಾರರು ಕೊಡುವ ದೇಣಿಗೆಯಿಂದಲೇ ಇಂದು ಅಲ್ಲಿನ ಕೆಲಸ ಸಾಗುತ್ತಿದೆ.

ನನ್ನ ಪರಿಚಯದ ನಿವೃತ್ತ ಅಧ್ಯಾಪಕರೊಬ್ಬರು ಒಮ್ಮೆ ಬಹಳ ಬೇಸರದಿಂದ ಫೋನ್ ಮಾಡಿದರು. ‘ವರ್ಷಗಳಿಂದ ಒಂದು ಗುಂಡಿಯೂ ಬದಲಾಗಿಲ್ಲ. ಎಲ್ಲ ಪತ್ರಗಳನ್ನೂ ಬೇರೆಡೆಗೆ ಸಾಗಿಸಿಬಿಡುತ್ತೇನೆ’ ಎಂದರು. ‘ಸ್ವಲ್ಪ ತಡೆಯಿರಿ ಸಾರ್, ಸಹಾಯದ ಮೆನು ತೆರೆದು, ಅಬೌಟ್ ಥಂಡರ್‌ಬರ್ಡ್ ಒತ್ತಿ, ಅಲ್ಲಿ ಕಾಣುವ ಆವೃತ್ತಿಯ ಸಂಖ್ಯೆಯನ್ನು ಓದಿ’ ಎಂದೆ. ‘ಅರವತ್ತು’ ಎಂದರು. ಅರವತ್ತನೆಯ ಆವೃತ್ತಿ ಬಂದದ್ದು 2018ರಲ್ಲಿ! ಯಾರೋ ಎಂದೋ ಅವರ ಕಂಪ್ಯೂಟರಿನಲ್ಲಿ ಅಪ್‌ಡೇಟ್ ನಿಲ್ಲಿಸಿಟ್ಟಿದ್ದರು. ನಿಂತದ್ದು ಅವರ ಅಪ್‌ಡೇಟ್, ಥಂಡರ್‌ಬರ್ಡ್ ಅಲ್ಲ. ಅಷ್ಟೂ ವರ್ಷಗಳ ಭದ್ರತಾ ತಿದ್ದುಪಡಿಗಳು ಅವರಿಗೆ ತಲುಪಿರಲೇ ಇಲ್ಲ. ಪತ್ರಗಳಿರುವ ಪ್ರೊಫೈಲ್ ಫೋಲ್ಡರನ್ನು ಮೊದಲು ಪೆನ್‌ಡ್ರೈವ್‌ಗೆ ನಕಲು ಮಾಡಿಸಿ, ಆಮೇಲೆ ಹೊಸ ಆವೃತ್ತಿ ಹಾಕಿಸಿದೆ. ಹೆಚ್ಚುವರಿ ಸೌಲಭ್ಯಕ್ಕೆಂದು ಸೇರಿಸಿಕೊಂಡಿದ್ದ ಹಳೆಯ ಆಡ್-ಆನ್‌ಗಳು ಕೆಲವು ಓಡಲಿಲ್ಲ, ಅದು ನಿರೀಕ್ಷಿತವೇ. ಪತ್ರಗಳೆಲ್ಲ ಹಾಗೆಯೇ ಇದ್ದವು. ಹೊಸ ಪರದೆ ನೋಡಿ ಅವರು, ‘ಇದು ಬೇರೆ ತಂತ್ರಾಂಶವೇನೋ’ ಎಂದು ಕೇಳಿದರು. 2023ರ 115ನೆಯ ಆವೃತ್ತಿಯಲ್ಲೇ ಅದರ ಮುಖಚರ್ಯೆ ಬದಲಾಗಿತ್ತು.

ಉಳಿದದ್ದನ್ನು ಬೇಗ ಹೇಳುತ್ತೇನೆ, ಸಮಯ ಕಡಿಮೆಯಿದೆ. 2024ರಲ್ಲಿ ಆಂಡ್ರಾಯ್ಡ್ ಫೋನಿಗೂ ಥಂಡರ್‌ಬರ್ಡ್ ಬಂತು. 2025ರಿಂದ ತಿಂಗಳಿಗೊಂದು ಹೊಸ ಆವೃತ್ತಿ ಪಡೆಯಬಹುದು. ಪದೇ ಪದೇ ಬದಲಾವಣೆ ಬೇಡವೆನ್ನುವವರಿಗೆ ವರ್ಷಕ್ಕೊಂದು ಸ್ಥಿರ ಆವೃತ್ತಿಯೂ ಇದೆ. ಅದಕ್ಕೂ ಭದ್ರತಾ ತಿದ್ದುಪಡಿಗಳು ಬರುತ್ತವೆ.

ಆದ್ದರಿಂದ ದಯವಿಟ್ಟು ಹಳೆಯ ಸುದ್ದಿಯನ್ನು ಬಿಡಿ, ನಿಮ್ಮ ಪರದೆಯ ಮೇಲಿನ ಸಂಖ್ಯೆಯನ್ನು ಇಂದೇ ನೋಡಿ. ಅದು ಈಗಿನ ಆವೃತ್ತಿಗಿಂತ ಹಳೆಯದಾಗಿದ್ದರೆ ಮೊದಲು ಪ್ರೊಫೈಲ್ ನಕಲು ಮಾಡಿಕೊಳ್ಳಿ, ಆಮೇಲೆ ಅಪ್‌ಡೇಟ್ ಮಾಡಿ. ನಮಸ್ಕಾರ.