ಹಚ್ಚಿದ ದಿನ, ಆರಿದ ದಿನ

ಕೇಳುಗರೇ, ನಮಸ್ಕಾರ.

2011ರ ನವೆಂಬರ್ 23ರಂದು ಪಶ್ಚಿಮ ಆಸ್ಟ್ರೇಲಿಯಾದ ಮಾರ್ಗರೆಟ್ ರಿವರ್ ಬಳಿ ಬೆಂಕಿಯೊಂದು ತನ್ನ ಗಡಿ ದಾಟಿ ಕಡಲಂಚಿನ ಊರುಗಳತ್ತ ನುಗ್ಗಿತು. ದ್ರಾಕ್ಷಿತೋಟಗಳಿಗೂ ಅಲೆಯಾಟಕ್ಕೂ ಹೆಸರಾದ ಸೀಮೆ ಅದು. ಪ್ರೆವೆಲಿ, ನರಬಪ್ ಎಂಬ ಪುಟ್ಟ ಬಡಾವಣೆಗಳ ಒಂದು ಕಡೆ ಹಿಂದೂ ಮಹಾಸಾಗರ, ಇನ್ನೊಂದು ಕಡೆ ಕುರುಚಲು ಕಾಡು. ಜನ ಮನೆ ಬಿಟ್ಟು ಸಮುದ್ರತೀರಕ್ಕೆ ಓಡಿದರು. ಮೂವತ್ತಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. 1865ರಲ್ಲಿ ಕಟ್ಟಿದ್ದ ವಾಲ್‌ಕ್ಲಿಫ್ ಹೌಸ್ ಎಂಬ ಪಾರಂಪರಿಕ ಮನೆಯೂ ಉಳಿಯಲಿಲ್ಲ. ಯಾರ ಪ್ರಾಣವೂ ಹೋಗಲಿಲ್ಲ ಎಂಬುದೊಂದೇ ಸಮಾಧಾನ.

ಆ ಬೆಂಕಿಯನ್ನು ಹಚ್ಚಿದ್ದು ಸರ್ಕಾರದ ಪರಿಸರ ಇಲಾಖೆ. ಬೇಸಿಗೆಯ ಕಾಳ್ಗಿಚ್ಚಿನಿಂದ ಊರನ್ನು ಉಳಿಸಲೆಂದೇ, ಯೋಜನೆ ಹಾಕಿ, ಸೆಪ್ಟೆಂಬರ್ ತಿಂಗಳಲ್ಲಿ ಹಚ್ಚಿದ್ದು. ದಕ್ಷಿಣ ಗೋಳಾರ್ಧದಲ್ಲಿ ಅದು ಚಳಿ ಮುಗಿದು ವಸಂತ ಶುರುವಾಗುವ ಹೊತ್ತು. ನೆಲದಲ್ಲಿ ಇನ್ನೂ ತೇವವಿರುತ್ತದೆ. ಹಾಗೆ ನೋಡಿದರೆ ಆರಿಸಿದ ಕಾಲ ಸರಿಯಾಗಿಯೇ ಇತ್ತು. ಆದರೆ ಸೆಪ್ಟೆಂಬರಿನಲ್ಲಿ ಹಚ್ಚಿದ್ದು ನವೆಂಬರಿನಲ್ಲೂ ಆರಿರಲಿಲ್ಲ. ಬೂದಿ ಮುಚ್ಚಿದ ಕೆಂಡ ಎನ್ನುತ್ತೇವಲ್ಲ, ಅಕ್ಷರಶಃ ಅದೇ. ಬಿದ್ದ ಮರದ ದಿಮ್ಮಿಯೊಳಗೆ, ಬುಡದ ಬೇರಿನೊಳಗೆ ಬೆಂಕಿ ವಾರಗಟ್ಟಲೆ ಹೊಗೆಯಾಡುತ್ತಾ ಇರಬಲ್ಲದು. ಅಷ್ಟರಲ್ಲಿ ಸುತ್ತಲಿನ ಗಿಡಗಂಟಿ ಒಣಗುತ್ತದೆ. ಬಿರುಗಾಳಿಯ ಒಂದು ದಿನ ಬಂದರೆ ಸಾಕು.

ಇಂಥ ಬೆಂಕಿಯೇ ಬೇಡ ಎಂದು ವಾದಿಸಲು ನಾನು ಬಂದಿಲ್ಲ. ಅದೇ ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1961ರ ಜನವರಿಯ ಕಾಳ್ಗಿಚ್ಚು ಡ್ವೆಲಿಂಗಪ್ ಎಂಬ ಊರನ್ನು ಸುಟ್ಟುಹಾಕಿತ್ತು. ಕಾಡಿನ ನೆಲದಲ್ಲಿ ತರಗೆಲೆ, ಪುಳ್ಳೆಸೌದೆ ರಾಶಿ ಬೀಳಲು ಬಿಟ್ಟರೆ ಏನಾಗುತ್ತದೆ ಎಂಬುದನ್ನು ಆ ವರ್ಷ ಎಲ್ಲರೂ ಕಂಡರು. ಆಮೇಲೆಯೇ ಅಲ್ಲಿ ಯೋಜಿತ ಬೆಂಕಿಯ ಪ್ರಮಾಣ ಬಹಳ ಹೆಚ್ಚಿದ್ದು. ವರ್ಷಕ್ಕೆ 2 ಲಕ್ಷ ಹೆಕ್ಟೇರಿನ ಗುರಿ ಬಂದದ್ದು. ಅದಕ್ಕೂ ಸಾವಿರಾರು ವರ್ಷ ಮುಂಚಿನಿಂದ ಆ ನೆಲದ ಮೂಲನಿವಾಸಿಗಳಾದ ನೂಂಗರ್ ಜನ ಬೆಂಕಿಯನ್ನು ಬಳಸಿಯೇ ಕಾಡನ್ನು ನೋಡಿಕೊಂಡವರು. ಅವರ ಪಂಚಾಂಗದಲ್ಲಿ ಆರು ಋತುಗಳು. ಮೊದಲ ಬೇಸಿಗೆಯಾದ ಬಿರಕ್ ಋತುವಿನಲ್ಲಿ, ಮಧ್ಯಾಹ್ನ ಕಡಲಿನಿಂದ ತಂಪು ಗಾಳಿ ಬೀಸುವ ದಿನಗಳಲ್ಲಿ, ಅವರು ಪೊದೆಗಾಡನ್ನು ತುಂಡುತುಂಡಾಗಿ ಸುಡುತ್ತಿದ್ದರು. ಅವರಿಗೆ ಗಾಳಿಯ ನಡೆ ಗೊತ್ತಿತ್ತು. ಪಕ್ಕದಲ್ಲಿ ಹೆಂಚಿನ ಮನೆಗಳ ಬಡಾವಣೆ ಇರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

ಕರಾವಳಿಯಲ್ಲಿ ಈ ಕೆಲಸ ಏಕೆ ಇಷ್ಟು ಕಷ್ಟ? ಒಂದು ಕಾರಣ ಗಿಡಗಳೇ. ಕಡಲಂಚಿನ ಕುರುಚಲು ತೇವವಿದ್ದಾಗ ಹೊತ್ತಿಕೊಳ್ಳುವುದೇ ಇಲ್ಲ. ಒಣಗಿದಾಗ ಹೊತ್ತಿತೋ, ಭಗ್ಗೆಂದು ಮೇಲೇಳುತ್ತದೆ. ನಡುವೆ ಸಿಗುವ ದಿನಗಳು ಬೆರಳೆಣಿಕೆ. ಇನ್ನು ಗಾಳಿ. ನಮ್ಮ ಕಾರವಾರ, ಮಲ್ಪೆಯ ಮೀನುಗಾರರಿಗೆ ಹೇಳಿಕೊಡಬೇಕಾಗಿಲ್ಲ: ಹಗಲು ಕಡಲುಗಾಳಿ, ರಾತ್ರಿ ನೆಲಗಾಳಿ. ಬೆಳಗ್ಗೆ ಒಂದು ದಿಕ್ಕಿಗೆ ನಿಧಾನವಾಗಿ ಸಾಗುತ್ತಿದ್ದ ಬೆಂಕಿಯ ಪಕ್ಕಕ್ಕೆ ಮಧ್ಯಾಹ್ನ ಕಡಲುಗಾಳಿ ಬಡಿದರೆ, ಆ ಇಡೀ ಪಕ್ಕವೇ ಮುಂಚೂಣಿಯಾಗುತ್ತದೆ. ಅಲ್ಲಿ ನಿಂತ ಸಿಬ್ಬಂದಿಯ ಗತಿ ಏನು? ಗಾಳಿಯೊಂದೇ ಅಲ್ಲ, ಇಳಿಜಾರೂ ದಟ್ಟ ಪೊದೆಯೂ ಜೀವ ತೆಗೆಯುತ್ತವೆ. 2000ದ ಜೂನ್‌ನಲ್ಲಿ ಸಿಡ್ನಿಯ ಉತ್ತರಕ್ಕಿರುವ ಮೌಂಟ್ ಕುರಿಂಗೈ ಬಳಿ ಯೋಜಿತ ಬೆಂಕಿಯ ಕೆಲಸದಲ್ಲಿದ್ದ ರಾಷ್ಟ್ರೀಯ ಉದ್ಯಾನ ಇಲಾಖೆಯ ನಾಲ್ವರು ಸತ್ತರು.

ಹಾಗಾದರೆ ಗಾಳಿ ಇಲ್ಲದ ದಿನ ಹಚ್ಚಿದರಾಯಿತಲ್ಲ ಎಂದು ನೀವು ಕೇಳಬಹುದು. ನನ್ನನ್ನು ಹೆಚ್ಚು ಕಾಡುವ ಸಂಗತಿ ಇರುವುದು ಇಲ್ಲಿಯೇ. ಜ್ವಾಲೆಯನ್ನು ಹತೋಟಿಯಲ್ಲಿಡುವ ಶಾಂತ ಹವೆಯೇ ಹೊಗೆಯನ್ನು ಊರಿನ ಮೇಲೆ ಕೂರಿಸುತ್ತದೆ. ಸಿಡ್ನಿಯಲ್ಲಿ ಶರತ್ಕಾಲದ ರಾತ್ರಿಗಳಲ್ಲಿ ನೆಲದ ಬಳಿ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ನಿಲ್ಲುತ್ತದೆ. ಹೊಗೆ ಮೇಲೇರಲಾರದೆ, ತಗ್ಗು ಹಿಡಿದು ಜನವಸತಿಗೆ ಇಳಿಯುತ್ತದೆ. 2016ರ ಮೇ ತಿಂಗಳಲ್ಲಿ ಹೀಗೆ ಹೊಗೆ ಕವಿದ ಆರು ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಆರೋಗ್ಯ ಸಂಶೋಧಕರು, ಅದರಿಂದ 14 ಮಂದಿ ಅಕಾಲದಲ್ಲಿ ಸತ್ತಿರಬಹುದು ಎಂದು ಅಂದಾಜು ಮಾಡಿದರು. ಒಂದು ಮನೆಯೂ ಸುಡದ, ಎಲ್ಲವೂ ಯೋಜನೆಯಂತೆಯೇ ನಡೆದ ಬೆಂಕಿಗಳಿಂದ! ಸಿಡ್ನಿಯ ಪಶ್ಚಿಮ ಬಡಾವಣೆಗಳಲ್ಲಿ ನಮ್ಮ ಕನ್ನಡಿಗರ ಮನೆಗಳು ಅನೇಕ. ಈ ಭಾಷಣ ಅವರನ್ನು ತಲುಪುವುದಾದರೆ ಒಂದು ಮಾತು: ಮನೆಯಲ್ಲಿ ಉಬ್ಬಸದ ಮಕ್ಕಳೋ ಹೃದಯರೋಗದ ಹಿರಿಯರೋ ಇದ್ದರೆ, ಬೆಂಕಿ ಹಚ್ಚುವ ದಿನಗಳ ಪಟ್ಟಿಯನ್ನು ನೋಡಿಕೊಳ್ಳಿ. ಅಂದು ಸಂಜೆಯಿಂದ ಮರುದಿನ ಬಿಸಿಲೇರುವವರೆಗೆ ಕಿಟಕಿ ಮುಚ್ಚಿಡಿ. ಉಸಿರಿನ ಔಷಧ ಕೈಗೆಟುಕುವಂತಿರಲಿ.

ಮಾರ್ಗರೆಟ್ ರಿವರ್ ಅನಾಹುತದ ವಿಚಾರಣೆ ನಡೆಸಿದವರು ಫೆಡರಲ್ ಪೊಲೀಸ್ ಪಡೆಯ ಮಾಜಿ ಮುಖ್ಯಸ್ಥ ಮಿಕ್ ಕೀಲ್ಟಿ. ಇಲಾಖೆ ಅಪಾಯವನ್ನು ಸರಿಯಾಗಿ ಅಳೆಯಲಿಲ್ಲ ಎಂಬುದು ಅವರ ತೀರ್ಮಾನದ ತಿರುಳು. 2012ರಲ್ಲಿ ಕಾಳ್ಗಿಚ್ಚಿನ ಅಪಾಯವನ್ನು ಅಳೆಯಲೆಂದೇ ಅಲ್ಲಿ ಪ್ರತ್ಯೇಕ ಕಚೇರಿ ಬಂತು. ಒಳ್ಳೆಯದೇ ಆಯಿತು. ಆದರೂ ನನಗೊಂದು ಕೊರತೆ ಕಾಣುತ್ತದೆ. ಊರಿನವರಿಗೆ ತಿಳಿಸುವಾಗ ನಾವು ಹಚ್ಚುವ ದಿನಾಂಕದ ಬಗ್ಗೆಯೇ ಹೆಚ್ಚು ಮಾತನಾಡುತ್ತೇವೆ. ಆಸ್ಟ್ರೇಲಿಯಾದ ಕಡಲ ತೀರವಿರಲಿ, ಕಾಳ್ಗಿಚ್ಚು ದಾಟದಂತೆ ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಸುಡುವ ನಮ್ಮ ಬಂಡೀಪುರವಿರಲಿ, ಎರಡನೆಯ ದಿನಾಂಕವೊಂದು ಬೇಕು: ಅಂಚಿನ ಉದ್ದಕ್ಕೂ ನಡೆದು, ದಿಮ್ಮಿಗಳನ್ನು ಉರುಳಿಸಿ, ಬೇರಿನ ಬುಡ ಕೆದಕಿ ನೀರು ಸುರಿದು, ಬೆಂಕಿ ಪೂರ್ತಿ ಆರಿದೆ ಎಂದು ಹೊಣೆಗಾರ ಅಧಿಕಾರಿ ಸಹಿ ಹಾಕಿದ ದಿನ. ಆ ಸಹಿ ಬೀಳುವವರೆಗೆ ಆ ಕೆಲಸಕ್ಕೆ ನೇಮಿಸಿದ ಸಿಬ್ಬಂದಿಯನ್ನು ಬೇರೆಡೆಗೆ ಕಳುಹಿಸಕೂಡದು. ಪಕ್ಕದಲ್ಲಿ ಹೊಸ ಬೆಂಕಿ ಹಚ್ಚಲೂ ಕೂಡದು.

ನಮಸ್ಕಾರ.