ಬೆನ್ನ ಹಿಂದೆ ಪಶ್ಚಿಮ

ಕೇಳುಗರಿಗೆ ನಮಸ್ಕಾರ.

ಸುಮ್ನೆ ಒಂದು ಸಲ ಮೂಡಣಕ್ಕೆ ಮುಖ ಮಾಡಿ ನಿಂತುಕೊಳ್ಳಿ. ಬಲಗೈ ಕಡೆ ದಕ್ಷಿಣ, ಎಡಗೈ ಕಡೆ ಉತ್ತರ, ಬೆನ್ನ ಹಿಂದೆ ಪಶ್ಚಿಮ. ಐರ್ಲೆಂಡಿನ ಐರಿಷ್ ಭಾಷೆಯಲ್ಲಿ ದಿಕ್ಕಿನ ಪದಗಳು ಹುಟ್ಟಿದ್ದು ಹೀಗೆ ನಿಂತವನ ಮೈಯಿಂದಲೇ. 'ದ್ಯಾಸ್' ಅಂದರೆ ಬಲ, ದಕ್ಷಿಣವೂ ಅದೇ. 'ಮನೆಯ ಹಿಂದೆ' ಅನ್ನಲು ಅವರು ಬಳಸುವ ಮಾತನ್ನು ಬಿಡಿಸಿ ನೋಡಿದರೆ 'ಮನೆಯ ಪಶ್ಚಿಮದ ಪಕ್ಕ' ಅಂತಾಗುತ್ತದೆ, ಹಿತ್ತಿಲು ಯಾವ ದಿಕ್ಕಿಗಾದರೂ ಇರಲಿ!

ಕಲಿಯುವವರಿಗೆ ತಲೆ ಕೆಡುವುದು ಇನ್ನೊಂದು ಕಡೆ. ಪೂರ್ವಕ್ಕೆ ಒಂದೇ ಪದ ಸಾಲದು. ಇಲ್ಲಿಂದ ಪೂರ್ವಕ್ಕೆ ಹೊರಟರೆ 'ಸಿರ್', ಪೂರ್ವದಲ್ಲೇ ಇದ್ದರೆ 'ಹಿರ್', ಪೂರ್ವದಿಂದ ಈ ಕಡೆ ಬಂದರೆ 'ಅನಿರ್'. ಪಶ್ಚಿಮಕ್ಕೂ ಹಾಗೇ, ಶೀಅರ್, ಹೀಅರ್, ಅನೀಅರ್. ನಾವು ಮೂಡಣಕ್ಕೆ, ಮೂಡಣದಲ್ಲಿ, ಮೂಡಣದಿಂದ ಅಂತ ಪದದ ಬಾಲ ಬದಲಾಯಿಸುತ್ತೇವೆ, ಅವರು ತಲೆ ಬದಲಾಯಿಸುತ್ತಾರೆ. ಅಟ್ಲಾಂಟಿಕ್ ಕಡಲಿನಿಂದ ಬೀಸುವ ಪಡುವಣ ಗಾಳಿ 'ಗೀ ಅನೀಅರ್', ಅಂದರೆ ಪಶ್ಚಿಮದಿಂದ ಬಂದ ಗಾಳಿ. ಅದು ಎತ್ತ ಹೋಗುತ್ತದೆ ಅನ್ನೋ ಗೊಂದಲಕ್ಕೆ ಜಾಗವೇ ಇಲ್ಲ.

ಇದು ದಿಕ್ಕಿಗೆ ಮಾತ್ರ ಅಲ್ಲ, ಮೇಲೆ ಕೆಳಗೆ ಅನ್ನುವುದಕ್ಕೂ ಇದೇ ಲೆಕ್ಕ. ನೀವು ಮಹಡಿ ಮೇಲಿದ್ದೀರಿ, ನಾನು ಕೆಳಗೆ ನಿಂತು 'ಕೆಳಗೆ ಬಾ' ಅಂತ ಕೂಗಿದರೆ ಆ ಕೆಳಗೆ 'ಅನೂಅಸ್'. ನಾನೂ ಮಹಡಿ ಮೇಲೇ ಇದ್ದು ನಿಮ್ಮನ್ನು ಕೆಳಗೆ ಕಳಿಸಿದರೆ ಅದೇ ಕೆಳಗೆ 'ಶೀಸ್' ಆಗುತ್ತದೆ. ಮೆಟ್ಟಿಲು ಅದೇ, ಇಳಿಯುವವರೂ ನೀವೇ, ಆದರೆ ಮಾತಾಡುವವನು ಎಲ್ಲಿದ್ದಾನೆ ಅನ್ನುವುದರ ಮೇಲೆ ಪದವೇ ಬೇರೆ. ನನಗಂತೂ ಇದು ತುಂಬಾ ಇಷ್ಟವಾಯಿತು.

ಈಗ 'ದ್ಯಾಸ್' ಕಡೆಗೇ ವಾಪಸ್ ಬರೋಣ. ಸಂಸ್ಕೃತದಲ್ಲೂ ದಕ್ಷಿಣ ಅಂದರೆ ಬಲಗಡೆ ಅಲ್ವಾ? ಈ ಎರಡು ಪದಗಳೂ ಒಂದೇ ಬೇರಿನವು, ಸಾವಿರಾರು ವರ್ಷಗಳ ಹಿಂದೆ ಬೇರೆಯಾದ ದಾಯಾದಿಗಳು. ನಾವು ದೇವಸ್ಥಾನದಲ್ಲಿ ಗುಡಿಯನ್ನು ಬಲಕ್ಕೆ ಇಟ್ಟುಕೊಂಡು ಸುತ್ತುವುದು ಪ್ರದಕ್ಷಿಣೆ. ಐರ್ಲೆಂಡಿನಲ್ಲೂ ಹರಕೆ ಹೊತ್ತವರು ಪವಿತ್ರ ಬಾವಿಗಳ ಸುತ್ತ ಸೂರ್ಯ ಸಾಗುವ ಕಡೆಗೇ, ಬಾವಿಯನ್ನು ಬಲಕ್ಕೆ ಇಟ್ಟುಕೊಂಡೇ ನಡೆಯುತ್ತಾರೆ. ಅದಕ್ಕೆ 'ದೆಶಲ್' ಅನ್ನುತ್ತಾರೆ, ಅದರೊಳಗೂ ಇರುವುದು ಅದೇ ದ್ಯಾಸ್.

ತಿರುಗಾಮುರುಗಾ ಸುತ್ತಿದರೆ? ಅದು 'ತೂಅಹಲ್', ಎಡದ ಕಡೆ, ಅಂದರೆ ಉತ್ತರದ ಕಡೆಯ ಸುತ್ತು. ಅಂಗಿಯನ್ನು ಒಳಮೈ ಹೊರಗೆ ಮಾಡಿ ಹಾಕಿಕೊಂಡರೂ ಆ ಪದವೇ ಬರುತ್ತದೆ, ಏನಾದರೂ ತಪ್ಪು ಮಾಡಿದರೂ ಅದೇ. ನಾವು ಎಡವಟ್ಟು ಅನ್ನುತ್ತೇವಲ್ಲ, ಹಾಗೆ.