ನಾಳ ಮುಗಿದ ಮೇಲೂ ಓಡುವ ರಕ್ತ

ಪರದೆಯ ಮಧ್ಯದಲ್ಲಿ ಪಟಪಟ ಬಡಿದುಕೊಳ್ಳುತ್ತಿದೆಯಲ್ಲ, ಅದೇ ಗುಂಡಿಗೆ. ಇದು ಡ್ಯಾಫ್ನಿಯಾ, ನೀರಿನ ಚಿಗಟ. ಹೆಸರಿಗೆ ಮಾತ್ರ ಚಿಗಟ, ನೆಂಟಸ್ತಿಕೆಯೆಲ್ಲ ಏಡಿ, ಸಿಗಡಿ, ಲಾಬ್‌ಸ್ಟರ್‌ಗಳ ಜೊತೆ. ಇವತ್ತಿನ ಮಾತು ಲಾಬ್‌ಸ್ಟರ್ ರಕ್ತದ್ದೇ. ಆದರೆ ಅದರ ಚಿಪ್ಪಿನೊಳಗೆ ನನ್ನ ಕ್ಯಾಮೆರಾ ಹೋಗುವುದಿಲ್ಲ. ಇದರ ಮೈ ಗಾಜಿನ ಹಾಗಿದೆ, ಕೊಯ್ಯದೆಯೇ ಎಲ್ಲ ಕಾಣುತ್ತದೆ.

ಈ ಶಾಟ್‌ಗೆ ಅರ್ಧ ದಿನ ಹೋಯಿತು. ಬಡಿತ ಎಣಿಸೋಣ ಅಂತ ವಿಡಿಯೋ ನಿಧಾನ ಮಾಡಿದೆ. ಮೊದಲ ಸಲ ನಿಮಿಷಕ್ಕೆ 200ರ ಆಸುಪಾಸು. ಎರಡನೇ ಸಲ ಜಾಸ್ತಿ. ಮೂರನೇ ಸಲ ಇನ್ನೂ ಜಾಸ್ತಿ. ಎಣಿಕೆ ತಪ್ಪಿತು ಅಂತ ಕಾಗದದ ಮೇಲೆ ಗೆರೆ ಹಾಕಿಕೊಂಡು ಎಣಿಸಿದೆ. ಕ್ಯಾಮೆರಾ ಸೆಟ್ಟಿಂಗ್ ಬದಲಿಸಿದೆ. ಬೇರೆ ಡ್ಯಾಫ್ನಿಯಾ ಇಟ್ಟೆ, ಅದೂ ಹಾಗೇ ಏರಿತು. ಕೊನೆಗೆ ಗಾಜಿನ ಪಟ್ಟಿ ಎತ್ತಿದರೆ ಬೆರಳಿಗೆ ಬೆಚ್ಚಗೆ! ಸೂಕ್ಷ್ಮದರ್ಶಕದ ದೀಪ ಆ ಒಂದು ತೊಟ್ಟು ನೀರನ್ನು ಕಾಯಿಸುತ್ತಿತ್ತು. ಇವಕ್ಕೆ ಮೈ ಬಿಸಿ ಅಂತ ತಮ್ಮದೇ ಇರುವುದಿಲ್ಲ. ನೀರು ಬೆಚ್ಚಗಾದರೆ ಗುಂಡಿಗೆಯೂ ಓಡುತ್ತದೆ. ನಾನು ಲೆಕ್ಕ ಸರಿ ಮಾಡುತ್ತಾ ಕೂತಿದ್ದಾಗ ಅದು ಬೇಯುತ್ತಿತ್ತಲ್ಲ ಅಂತ ನಿಜಕ್ಕೂ ಬೇಜಾರಾಯಿತು. ದೀಪ ಆರಿಸಿ ತಣ್ಣೀರು ಬಿಟ್ಟೆ. ಈಗ ಕಾಣುತ್ತಿರುವುದು ಆಮೇಲಿನ ಬಡಿತ.

ಸರಿ, ಈಗ ಲಾಬ್‌ಸ್ಟರ್ ಚಿತ್ರ. ಗುಂಡಿಗೆ ಎದೆಯ ಕಡೆ ಅಲ್ಲ, ಬೆನ್ನ ಕಡೆ, ಚಿಪ್ಪಿನ ಕೆಳಗೇ ಇದೆ. ರಕ್ತ ತುಂಬಿದ ಒಂದು ಚೀಲದೊಳಗೆ ಅದು ತೂಗುತ್ತಿದೆ. ಗುಂಡಿಗೆಯ ಗೋಡೆಯಲ್ಲಿ ಮೂರು ಜೊತೆ ಬಾಗಿಲುಗಳು, ಓಸ್ಟಿಯಾ ಅನ್ನುತ್ತಾರೆ. ಗುಂಡಿಗೆ ಹಿಂಡಿದಾಗ ಬಾಗಿಲು ಮುಚ್ಚಿ ರಕ್ತ ಧಮನಿಗಳಿಗೆ ನುಗ್ಗುತ್ತದೆ. ಮತ್ತೆ ಅಗಲಿಸುವವರು ಯಾರು? ಸುತ್ತ ಕಟ್ಟಿರುವ ರಬ್ಬರಿನಂಥ ಎಳೆಗಳು. ಹಿಂಡಿದಾಗ ಹಿಗ್ಗಿದ ಆ ಎಳೆಗಳು ಹಿಂದಕ್ಕೆ ಜಗ್ಗಿದಾಗ ಗುಂಡಿಗೆ ತೆರೆದುಕೊಂಡು ಚೀಲದ ರಕ್ತವನ್ನು ಹೀರಿಕೊಳ್ಳುತ್ತದೆ. ಎಷ್ಟು ಚೆಂದ ಅಲ್ವಾ?

ಧಮನಿಗಳು ಮುಂದಕ್ಕೆ ಕಣ್ಣು, ಮಿದುಳು, ಮೀಸೆಗಳ ಕಡೆ ಹೋಗುತ್ತವೆ. ಹಿಂದಕ್ಕೆ ಬಾಲದ ಮಾಂಸಕ್ಕೆ. ಒಂದು ಮಾತ್ರ ನೇರ ಕೆಳಕ್ಕೆ ಇಳಿಯುತ್ತದೆ. ಹೊಟ್ಟೆಯ ಕಡೆ ನರದ ಹಗ್ಗ ಇದೆಯಲ್ಲ, ಅದರ ನಡುವಿನ ಸಂದಿಯಲ್ಲೇ ತೂರಿ ಆಚೆ ಹೋಗಿ ಕಾಲುಗಳಿಗೆ ಕವಲೊಡೆಯುತ್ತದೆ. ಇಡೀ ಚಿತ್ರದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದು.

ಆಮೇಲೆ ನಾಳ ಮುಗಿಯುತ್ತದೆ. ರಕ್ತ ಮುಗಿಯುವುದಿಲ್ಲ. ಅಂಗಗಳ ನಡುವಿನ ಖಾಲಿ ಜಾಗಕ್ಕೆ ಇಳಿದು ಅವನ್ನು ನೇರವಾಗಿ ತೋಯಿಸುತ್ತದೆ. ಅದಕ್ಕೇ ಇದನ್ನು ರಕ್ತ ಅನ್ನದೆ ಹೀಮೋಲಿಂಫ್ ಅನ್ನುತ್ತಾರೆ, ವ್ಯವಸ್ಥೆಗೆ ‘ತೆರೆದ ಪರಿಚಲನೆ’ ಅಂತ ಹೆಸರು. ನನಗೆ ಆ ಹೆಸರು ಹಿಡಿಸುವುದಿಲ್ಲ. ಗದ್ದೆಗೆ ಸುಮ್ನೆ ನೀರು ಬಿಟ್ಟ ಹಾಗೆ ಕೇಳಿಸುತ್ತದೆ. ಅಲ್ಲ, ಗದ್ದೆಯ ಹೋಲಿಕೆ ಸರಿಯೇ ಇದೆ, ಗದ್ದೆಗೂ ಬದು ಇರುತ್ತದೆ. ಇಲ್ಲೂ ರಕ್ತಕ್ಕೆ ದಾರಿ ಗೊತ್ತು. ಹೊಟ್ಟೆಯ ಕಡೆ ಸೇರಿ, ಕಿವಿರುಗಳೊಳಗೆ ಹತ್ತಿ, ಆಮ್ಲಜನಕ ತುಂಬಿಕೊಂಡು ಸೀದಾ ಗುಂಡಿಗೆಯ ಚೀಲಕ್ಕೆ. ಮೀನಿನ ಗುಂಡಿಗೆಗೆ ಬರುವುದು ಆಮ್ಲಜನಕ ಬಳಸಿ ಮುಗಿದ ರಕ್ತ. ಲಾಬ್‌ಸ್ಟರ್‌ಗೆ ಬರುವುದು ಆಗತಾನೇ ಉಸಿರಾಡಿದ ರಕ್ತ. ಇದನ್ನು ಕೀಳು ವ್ಯವಸ್ಥೆ ಅನ್ನುವವರ ಮಾತು ನಾನು ಒಪ್ಪುವುದಿಲ್ಲ.

ಲಾಬ್‌ಸ್ಟರ್‌ನ ನೀಲಿ ರಕ್ತದ ಬಗ್ಗೆ ಎಲ್ಲರೂ ಕೇಳುತ್ತೀರಿ. ನಮ್ಮ ರಕ್ತದಲ್ಲಿ ಆಮ್ಲಜನಕ ಹಿಡಿದುಕೊಳ್ಳುವುದು ಕಬ್ಬಿಣ, ಅಲ್ಲಿ ಆ ಕೆಲಸವನ್ನು ಹೀಮೋಸಯನಿನ್ ಅನ್ನುವ ಪ್ರೋಟೀನಿನ ತಾಮ್ರ ಮಾಡುತ್ತದೆ. ಆಮ್ಲಜನಕ ಇದ್ದರೆ ನೀಲಿ, ಇಲ್ಲದಿದ್ದರೆ ಬಣ್ಣವೇ ಇಲ್ಲ. ಬಣ್ಣ ಅಷ್ಟು ದೊಡ್ಡ ವಿಷಯ ಅಲ್ಲ ಅನ್ನೋಣ ಅಂತಿದ್ದೆ, ಆದರೆ ಈ ಡ್ಯಾಫ್ನಿಯಾ ನೋಡಿ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಇದು ಹಿಮೋಗ್ಲೋಬಿನ್ ಜಾಸ್ತಿ ಮಾಡಿಕೊಂಡು ಕೆಂಪಗಾಗುತ್ತದೆ. ನಾನು ಸೋತೆ, ಬಣ್ಣವೂ ಮುಖ್ಯವೇ.

ಇನ್ನೊಂದು ವಿಷಯ, ಬೇಗ ಹೇಳುತ್ತೇನೆ. ನಮ್ಮ ಗುಂಡಿಗೆಯ ಸ್ನಾಯು ತಾನಾಗೇ ಬಡಿಯುತ್ತದೆ. ಲಾಬ್‌ಸ್ಟರ್ ಗುಂಡಿಗೆ ಹಾಗಲ್ಲ, ಅದರ ಮೇಲೆ ಕೂತಿರುವ ಬರೀ 9 ನರಕೋಶಗಳು ಅದನ್ನು ಬಡಿಸುತ್ತವೆ. 4 ಚಿಕ್ಕವು ತಾಳ ಹಾಕುತ್ತವೆ, 5 ದೊಡ್ಡವು ಸ್ನಾಯುವಿಗೆ ಹೇಳುತ್ತವೆ. ಬಂಡೆಗೆ ಅಂಟಿಕೊಂಡಿರುವ ಬಾರ್ನಕಲ್‌ಗಳಿಗೆ ಗುಂಡಿಗೆಯೇ ಇಲ್ಲ, ಮೈ ಸ್ನಾಯುಗಳೇ ರಕ್ತ ತಳ್ಳುತ್ತವೆ. ಅವೂ ಇದೇ ಬಳಗ!

ರಕ್ತ ಹೀಗೆ ನಾಳದ ಆಚೆಯೂ ಓಡಿದರೆ, ಕಾಲು ಮುರಿದಾಗ ಎಲ್ಲ ಸುರಿದು ಹೋಗುವುದಿಲ್ಲವೇ? ಏಡಿ ತನ್ನ ಕಾಲನ್ನು ಕಂಡಕಂಡಲ್ಲಿ ಕಳಚುವುದಿಲ್ಲ. ಬುಡದ ಹತ್ತಿರ ಅದಕ್ಕೇ ಅಂತ ಒಂದು ಜಾಗ ಇದೆ, ಅಲ್ಲಿ ಒಳಗೆ ಒಂದು ಪೊರೆಯಿದೆ. ಕಾಲು ಬಿದ್ದ ಕೂಡಲೇ ಆ ಪೊರೆ ಬಾಯಿ ಮುಚ್ಚುತ್ತದೆ, ರಕ್ತವೂ ಹೆಪ್ಪುಗಟ್ಟುತ್ತದೆ. ಹೊಸ ಕಾಲು ಬರುವ ಕಥೆ... ಅಯ್ಯೋ, ಡ್ಯಾಫ್ನಿಯಾ ಚೌಕಟ್ಟಿನಿಂದ ಆಚೆ ಹೋಗುತ್ತಿದೆ. ತೊಟ್ಟು ನೀರು ಒಣಗುತ್ತಾ ಬಂತು. ಇದನ್ನು ಮೊದಲು ಡಬ್ಬಿಗೆ ಬಿಟ್ಟು ಬರುತ್ತೇನೆ.